‘ಟೀ ಕುಡೀರಿ, ಮೇಷ್ಟ್ರೇ’

ಕಳೆದ ವಾರ ಬಂದ ಪತ್ರಗಳಲ್ಲಿ ಒಂದು ಮಾತ್ರ ಮೇಜಿನ ಮೇಲೆ ಹಾಗೇ ಉಳಿದುಬಿಟ್ಟಿತು. ಮಿಕ್ಕವೆಲ್ಲ ಮಾವಿನಕಾಯಿ ಗೊಜ್ಜಿನ ಬಗ್ಗೆ. (ಬೆಲ್ಲದ ಅಳತೆಗೆ ಇಷ್ಟೊಂದು ಜನ ಜಗಳಕ್ಕೆ ಬರುತ್ತಾರೆಂದು ಗೊತ್ತಿದ್ದರೆ ಆ ಅಂಕಣವನ್ನು ಬರೆಯುತ್ತಲೇ ಇರಲಿಲ್ಲ.) ಇದು ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ, ಎರಡೂ ಬದಿಗೆ ಒತ್ತೊತ್ತಾಗಿ ಬರೆದ ಪತ್ರ. ಬರೆದಾಕೆಗೆ ಇಬ್ಬರು ಮಕ್ಕಳು. ಗಂಡ ಕುಡಿಯುತ್ತಾರೆ. ಈಗ ಅವರೇ ‘ಬಿಡಬೇಕು ಅನ್ನಿಸ್ತಿದೆ’ ಎಂದಿದ್ದಾರಂತೆ. ಯಾರೋ ‘ಎ.ಎ. ಮೀಟಿಂಗಿಗೆ ಹೋಗಿ’ ಎಂದರಂತೆ. ಅದು ಎಲ್ಲಿ ನಡೆಯುತ್ತದೆ, ದುಡ್ಡೆಷ್ಟು ಕೊಡಬೇಕು, ಅಲ್ಲಿ ಗುರುತಿನವರು ಸಿಕ್ಕಿಬಿಟ್ಟರೆ ಮಾನ ಹೋಗುವುದಿಲ್ಲವೇ, ನಾನೂ ಜೊತೆಗೆ ಹೋಗಬಹುದೇ ಎಂದು ಕೇಳಿದ್ದಾರೆ. ಕೊನೆಯಲ್ಲಿ ಒಂದು ಸಾಲು: ‘ನಿಮ್ಮಂಥವರ ಮನೆಯಲ್ಲಿ ಇಂಥದ್ದೆಲ್ಲ ಇರುವುದಿಲ್ಲ, ಆದರೂ ಕೇಳುತ್ತಿದ್ದೇನೆ.’

ಆ ಸಾಲು ಓದಿ ನಾನು ಅಣ್ಣನಿಗೆ ಫೋನ್ ಮಾಡಿದೆ. “ನಿನ್ನ ವಿಷಯ ಬರೀಲಾ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಊರಿನ ಹೆಸರು ಹಾಕಬೇಡ, ಸ್ಕೂಲಿನ ಹೆಸರು ಹಾಕಬೇಡ. ಮಿಕ್ಕಿದ್ದು ಇದ್ದಿದ್ದು ಇದ್ದ ಹಾಗೆ ಬರಿ. ನಿನ್ನ ಕಡೆಯಿಂದ ಒಗ್ಗರಣೆ ಬೇಡ” ಅಂದ.

ಸರಿ, ಇದ್ದದ್ದು ಇದ್ದ ಹಾಗೆಯೇ.

ನಮ್ಮಣ್ಣ ಹೈಸ್ಕೂಲ್ ಮೇಷ್ಟ್ರು. ಹಾಸನದ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ ಮನೆ. ಕುಡಿತ ಯಾವಾಗ ಶುರುವಾಯಿತೆಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಏಕೆಂದರೆ ಅತ್ತಿಗೆ ನಮಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಹೆಡ್‌ಮಾಸ್ಟರಿಗೆ ‘ಜ್ವರ’ ಎಂದು ಫೋನ್ ಮಾಡುತ್ತಿದ್ದವಳು ಅವಳು. ಹಬ್ಬಕ್ಕೆ ನಾವು ಬರುತ್ತೇವೆಂದರೆ ‘ನೆಂಟರ ಮನೆಯಲ್ಲಿ ಸೂತಕ’ ಎನ್ನುತ್ತಿದ್ದವಳೂ ಅವಳೇ. ಅವರ ಮಗನಿಗೆ ಆಗ ಹನ್ನೆರಡು ವರ್ಷ. ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾರೆಂದು ತನಗೆ ತಿಳಿಯುತ್ತಿತ್ತು ಎಂದು ಅವನು ನನಗೆ ಹೇಳಿದ್ದು ಬಹಳ ತಡವಾಗಿ. ಒಂದೇ ಸಲಕ್ಕೆ ಚಿಲಕ ಬಿದ್ದರೆ ಪರವಾಗಿಲ್ಲ. ಎರಡು ಮೂರು ಸಲ ತಡಕಾಡಿದರೆ ಪುಸ್ತಕ ಮುಚ್ಚಿ, ಮುಸುಕು ಹಾಕಿ ಮಲಗಿಬಿಡುವುದು.

ಒಂದು ವರ್ಷ ಗೌರಿ ಹಬ್ಬದ ಹಿಂದಿನ ದಿನ ಅಣ್ಣ ತಾನಾಗಿಯೇ ನಿಲ್ಲಿಸಿದ. ದೇವರ ಮುಂದೆ ಪ್ರಮಾಣ ಮಾಡಿದ. ನಾವೆಲ್ಲ ಖುಷಿಪಟ್ಟೆವು. ಎರಡನೆಯ ದಿನ ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗಲಿಲ್ಲ. ಮೂರನೆಯ ದಿನ ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಪೊರಕೆ ಹಿಡಿದು ಬಡಿಯತೊಡಗಿದ. ಮಗನ ಗುರುತೂ ಸಿಗಲಿಲ್ಲ. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದರು. ಪುಣ್ಯಕ್ಕೆ ಅತ್ತಿಗೆ ಆ ಮಾತು ಕೇಳದೆ ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಪತ್ರ ಬರೆದ ತಾಯಿಗೆ ಮೊದಲು ಹೇಳಬೇಕಾದದ್ದು ಇದನ್ನೇ. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ದೆಸೆ ತಿಳಿಯದಾಗುವುದು ಶುರುವಾಗಬಹುದು. ಇದು ಜೀವಕ್ಕೇ ಅಪಾಯ. ಹಾಗಾಗಿ ‘ಮನಸ್ಸು ಗಟ್ಟಿ ಮಾಡಿ ಇವತ್ತಿನಿಂದಲೇ ಬಿಟ್ಟುಬಿಡಿ’ ಎನ್ನುವ ಮೊದಲು ಡಾಕ್ಟರ ಹತ್ತಿರ ಹೋಗಿ. ಕೆಲವು ದಿನ ಮಾತ್ರೆ ಕೊಟ್ಟು, ಬಿ1 ವಿಟಮಿನ್ ಚುಚ್ಚುಮದ್ದು ಕೊಟ್ಟು ಈ ಘಟ್ಟವನ್ನು ದಾಟಿಸುತ್ತಾರೆ. ಮೀಟಿಂಗು ಆಮೇಲಿನದು. ಅದು ಆಸ್ಪತ್ರೆಯ ಕೆಲಸವನ್ನು ಮಾಡುವುದಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತು ಇರುತ್ತದಲ್ಲ, ಆ ಪುಡಿಯನ್ನು ಸಾರಿನಲ್ಲಿ ಕಲಸುವ ಯೋಚನೆ ಬೇಡ. ಅದರಲ್ಲಿ ಏನಿದೆಯೋ ಹಾಕುವ ನಿಮಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಒಂದು ಮಾತ್ರೆ ನಿಜವಾಗಿಯೂ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ, ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಡಾಕ್ಟರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ. ನಮ್ಮತ್ತಿಗೆಯೂ ಒಮ್ಮೆ ಇಂಥ ಪುಡಿ ತಂದಿಟ್ಟಿದ್ದಳು. ಹಾಕಲು ಧೈರ್ಯ ಬರಲಿಲ್ಲ, ಅಷ್ಟೇ.

ಅಣ್ಣ ಆಸ್ಪತ್ರೆಯಿಂದ ಹನ್ನೆರಡು ದಿನಕ್ಕೆ ಮನೆಗೆ ಬಂದ. ಬಿಡುಗಡೆಯ ದಿನ ಅಲ್ಲಿನ ಸಮಾಜ ಕಾರ್ಯಕರ್ತೆ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. ನಾನೇ ಮುಂದೆ ಬಿದ್ದು ಅವತ್ತು ಸಂಜೆಯೇ ಫೋನ್ ಮಾಡಿದೆ. ಆ ಕಡೆ ಯಾರೋ ವಯಸ್ಸಾದವರ ದನಿ. “ಯಾರಿಗಮ್ಮ ಬೇಕಾಗಿರೋದು?” ಅಂದರು. ನಮ್ಮಣ್ಣನಿಗೆ ಅಂದೆ. “ಹಂಗಾದ್ರೆ ಅವರೇ ಮಾಡ್ಲಿ ಕಣಮ್ಮ, ಯಾವ ಹೊತ್ತಿಗಾದ್ರೂ ಸರಿ” ಎಂದು ಇಟ್ಟುಬಿಟ್ಟರು. ನನಗೆ ಕೋಪ ಬಂತು. ಸಹಾಯ ಮಾಡುವವರು ಹೀಗಾ ಮಾತಾಡುವುದು? ಅವರ ಕ್ರಮವೇ ಅದು ಎಂದು ಆಮೇಲೆ ತಿಳಿಯಿತು. ಹೆಂಡತಿಯೋ ತಂಗಿಯೋ ಬಲವಂತಕ್ಕೆ ತಳ್ಳಿದವರು ಎರಡನೆಯ ವಾರ ಬರುವುದಿಲ್ಲವಂತೆ.

ಆ ಚೀಟಿ ಫ್ರಿಜ್ಜಿನ ಮೇಲೆ ಮೂರು ದಿನ ಬಿದ್ದಿತ್ತು. ನಾಲ್ಕನೆಯ ದಿನ ಅಣ್ಣ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನಮಗೆ ಬೆನ್ನು ಹಾಕಿ, ಫೋನಿನಲ್ಲಿ ಮಾತನಾಡುತ್ತಿದ್ದ. ಅಡುಗೆಮನೆ ಕಿಟಕಿಯಿಂದ ನಾನೂ ಅತ್ತಿಗೆಯೂ ನೋಡಿದೆವು. ಅವಳು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದಳು.

ಗುರುವಾರ ಸಂಜೆ ಆರೂವರೆಗೆ ಮೀಟಿಂಗು. ಜಾಗ, ಊರಿನ ಚರ್ಚಿನ ಹಿಂದಿನ ಒಂದು ಕೋಣೆ. ಚರ್ಚು ಎಂದ ತಕ್ಷಣ ಅತ್ತಿಗೆಯ ಅಮ್ಮನಿಗೆ ಗಾಬರಿ. ಆದರೆ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಕಡಿಮೆ ಬಾಡಿಗೆಗೆ ಸಂಜೆ ಹೊತ್ತು ಕೋಣೆ ಎಲ್ಲಿ ಸಿಗುತ್ತದೋ ಅಲ್ಲಿ ನಡೆಸುತ್ತಾರೆ. ಕೆಲವು ಊರಲ್ಲಿ ಶಾಲೆಯ ಕೊಠಡಿ, ಕೆಲವು ಕಡೆ ಆಸ್ಪತ್ರೆಯ ಹಾಲ್. ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ ಅವರವರು ತಿಳಿದ ಹಾಗೆ. ಅಣ್ಣನ ಗುಂಪಿನಲ್ಲಿ ದೇವರನ್ನೇ ನಂಬದವರೊಬ್ಬರು ಇದ್ದಾರಂತೆ. ‘ನನಗೆ ಈ ಗುಂಪೇ ದೇವರು’ ಎನ್ನುತ್ತಾರಂತೆ.

ಅಣ್ಣ ಒಳಗೆ ಹೋಗಿ ಹತ್ತೇ ನಿಮಿಷಕ್ಕೆ ಹೊರಗೆ ಬಂದ. ಮುಖ ಬಿಳಚಿಕೊಂಡಿತ್ತು. “ಅಲ್ಲಿ ನನ್ನ ಕ್ಲಾಸಿನ ಹುಡುಗನ ಅಪ್ಪ ಕೂತಿದಾನೆ. ನಡಿ ಹೋಗೋಣ” ಅಂದ. ಸ್ಕೂಟರ್ ಸ್ಟಾರ್ಟ್ ಮಾಡಬೇಕು, ಅಷ್ಟರಲ್ಲಿ ಆ ಮನುಷ್ಯ ಎರಡು ಕೈಯಲ್ಲಿ ಎರಡು ಪೇಪರ್ ಕಪ್ ಹಿಡಿದು ಬಂದರು. “ಮೇಷ್ಟ್ರೇ, ನೀವು ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ. ಟೀ ಕುಡೀರಿ. ಆಮೇಲೆ ಬೇಕಿದ್ರೆ ಹೋಗಿ” ಎಂದರು. (ಇದನ್ನು ಬರೆಯಲು ಅವರ ಒಪ್ಪಿಗೆಯನ್ನೂ ಅಣ್ಣ ಕೇಳಿದ್ದಾನೆ.) ಅಣ್ಣ ಟೀ ಕುಡಿದ. ಒಳಗೆ ಹೋದ. ನಾನು ಚರ್ಚಿನ ಮೆಟ್ಟಿಲ ಮೇಲೆ ಸೊಳ್ಳೆ ಹೊಡೆಯುತ್ತಾ ಎಂಟು ಗಂಟೆಯವರೆಗೆ ಕೂತಿದ್ದೆ.

ನೀವು ಕೇಳಿದ ‘ಮಾನ’ದ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದೇ. ಗುರುತಿನವರು ಸಿಗಬಹುದು. ಸಿಕ್ಕವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಹೆಸರು ಅರ್ಧ ಹೇಳಿದರೆ ಸಾಕು, ಮನೆತನ ಕೇಳುವುದಿಲ್ಲ, ಉದ್ಯೋಗ ಕೇಳುವುದಿಲ್ಲ, ರಿಜಿಸ್ಟರಿನಲ್ಲಿ ಸಹಿ ಇಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಅಲ್ಲದೆ, ಅಣ್ಣ ಸಂತೆಬೀದಿಯಲ್ಲಿ ತೂರಾಡಿದಾಗ ನೋಡಿದವರ ಸಂಖ್ಯೆ ಆ ಕೋಣೆಯಲ್ಲಿದ್ದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಮಾನದ ಲೆಕ್ಕ ನಾವು ಯಾರೂ ಹಾಕಿರಲಿಲ್ಲ.

ದುಡ್ಡಿನ ವಿಷಯ: ಶುಲ್ಕ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಅದೇ ಸದಸ್ಯತ್ವ. ಕೊನೆಯಲ್ಲಿ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಹಾಕುವವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಟೀ ಮತ್ತು ಬಾಡಿಗೆಗೆ. ಹೊರಗಿನವರ ದೇಣಿಗೆಯನ್ನು ಅವರು ತೆಗೆದುಕೊಳ್ಳುವುದಿಲ್ಲ. ನಾನು ಐನೂರರ ನೋಟು ಕೊಡಲು ಹೋಗಿ ವಾಪಸ್ ಇಸಿದುಕೊಂಡು ಬಂದಿದ್ದೇನೆ.

ಒಳಗೆ ಏನು ನಡೆಯುತ್ತದೆ? ನಾನು ನೋಡಿದ್ದು ಒಂದು ‘ತೆರೆದ ಮೀಟಿಂಗ್’ ಮಾತ್ರ. ಅದಕ್ಕೆ ಮನೆಯವರು, ಆಸಕ್ತಿ ಇರುವವರು ಯಾರು ಬೇಕಾದರೂ ಹೋಗಬಹುದು. ‘ಮುಚ್ಚಿದ ಮೀಟಿಂಗ್’ ಕುಡಿತ ಬಿಡಬೇಕೆಂದು ಬಂದವರಿಗಷ್ಟೇ. ಫೋನ್ ಮಾಡುವಾಗ ಯಾವುದು ಯಾವತ್ತು ಎಂದು ಕೇಳಿಕೊಳ್ಳಿ. ನಾನು ಹೋದ ದಿನ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹನ್ನೆರಡು ಹೆಜ್ಜೆಗಳ ಪಟ್ಟಿ, ಒಂದು ಸ್ಟೀಲ್ ಫ್ಲಾಸ್ಕ್ ಇದ್ದವು. ಭಾಷಣ ಇಲ್ಲ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಎಂದು, ತಮ್ಮದಷ್ಟನ್ನೇ ಹೇಳಿಕೊಳ್ಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಬುದ್ಧಿ ಹೇಳುವುದಿಲ್ಲ. ‘ಛೇ, ಪಾಪ’ ಎನ್ನುವುದೂ ಇಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಮೂರು ನಿಮಿಷ ಅಡ್ಡಿಯಿಲ್ಲದೆ ಮಾತಾಡಿದ್ದು ನನಗಂತೂ ನೆನಪಿಲ್ಲ. ಅಲ್ಲಿ ಒಬ್ಬರು ಎದ್ದು ನಿಂತು, ಬರೀ ಅತ್ತು, ಕೂತರು. ಅದನ್ನೂ ಸುಮ್ಮನೆ ಕೇಳಿಸಿಕೊಂಡರು.

ಜೀವಮಾನ ಪೂರ್ತಿ ಕುಡಿಯುವುದಿಲ್ಲ ಎಂಬ ಪ್ರಮಾಣವನ್ನು ಅಲ್ಲಿ ಮಾಡಿಸುವುದಿಲ್ಲ. ಇವತ್ತೊಂದು ದಿನ ಬೇಡ, ಅಷ್ಟೇ. ನಮ್ಮ ಮನೆಯಲ್ಲಿ ಧರ್ಮಸ್ಥಳದ ಆಣೆ, ಮಗನ ತಲೆ ಮೇಲೆ ಕೈಯಿಟ್ಟ ಆಣೆ ಎಲ್ಲ ಆಗಿ ಮುರಿದಿದ್ದವು. ಪ್ರತಿ ಸಲ ಆಣೆ ಮುರಿದಾಗಲೂ ನಾಚಿಕೆಗೆ ಇನ್ನಷ್ಟು ಕುಡಿದೆ ಎಂದು ಅಣ್ಣ ಹೇಳಿದಾಗ ನನಗೆ ನನ್ನ ಮೇಲೇ ಬೇಸರವಾಯಿತು. ಆಣೆ ಹಾಕಿಸಿದವರಲ್ಲಿ ನಾನೂ ಒಬ್ಬಳು.

ಅಣ್ಣ ಮೇಷ್ಟ್ರಲ್ಲವೇ, ಎ.ಎ.ಯ ಚರಿತ್ರೆಯನ್ನೂ ಪಾಠದ ಹಾಗೆ ನನಗೆ ಒಪ್ಪಿಸಿದ್ದಾನೆ. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಕೆಲಸದ ಮೇಲೆ ಓಹಾಯೋದ ಆಕ್ರನ್ ಎಂಬ ಊರಿಗೆ ಹೋದ. ಕೆಲಸ ಕೆಟ್ಟಿತು. ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದಾನೆ, ಒಂದು ಪಕ್ಕದಲ್ಲಿ ಬಾರು, ಇನ್ನೊಂದು ಪಕ್ಕದಲ್ಲಿ ಟೆಲಿಫೋನು. ಇವತ್ತು ನಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಎನ್ನಿಸಿ ಊರಿನ ಪಾದ್ರಿಗಳಿಗೆ ಫೋನ್ ಮಾಡುತ್ತಾ ಹೋದ. ಕೊನೆಗೆ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಪರಿಚಯವಾಯಿತು. ಅವರೂ ವರ್ಷಗಟ್ಟಲೆಯಿಂದ ಕುಡಿತಕ್ಕೆ ಸಿಕ್ಕಿದ್ದವರು. ಹದಿನೈದೇ ನಿಮಿಷ ಎಂದು ಬಂದ ಡಾಕ್ಟರು ರಾತ್ರಿ ಹನ್ನೊಂದು ದಾಟುವವರೆಗೆ ಕೂತಿದ್ದರು. ಆ ಜೂನ್ 10ನ್ನು ಎ.ಎ. ಹುಟ್ಟಿದ ದಿನ ಎನ್ನುತ್ತಾರೆ, ಡಾ. ಬಾಬ್ ಕೊನೆಯ ಬಾರಿ ಕುಡಿದ ದಿನ ಅದು. “ನೋಡು, ಬಿಲ್ ಹೋಗಿದ್ದು ಡಾಕ್ಟರನ್ನ ಉದ್ಧಾರ ಮಾಡೋಕಲ್ಲ, ತಾನು ಉಳಿಯೋಕೆ” ಎಂದು ಅಣ್ಣ ಒತ್ತಿ ಹೇಳುತ್ತಾನೆ. ಅವತ್ತು ಟೀ ಹಿಡಿದು ಬಂದವರೂ ಅದಕ್ಕೇ ಬಂದದ್ದು ಎನ್ನುತ್ತಾನೆ.

ಇದು ಬರೀ ನಂಬಿಕೆಯ ಮಾತಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪೂರ್ತಿ ಕುಡಿತ ಬಿಟ್ಟು ಇರುವ ವಿಷಯದಲ್ಲಿ, ಎ.ಎ.ಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಮುಂದಿತ್ತು. ಹಾಗೆಂದು ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬಹುದು.

ಎ.ಎ. ಸಿಗದ ಹಳ್ಳಿಗಳಲ್ಲಿ ನಮ್ಮದೇ ದಾರಿಯೂ ಒಂದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ನೀವು ಕೇಳಿರುತ್ತೀರಿ. ಶಿಬಿರದ ಫೋಟೊ ಎಲ್ಲರಿಗೂ ಗೊತ್ತು. ಆಮೇಲೆ ಏನು ಎಂಬುದು ಅಷ್ಟು ಗೊತ್ತಿಲ್ಲ. ಶಿಬಿರ ಮುಗಿಸಿದವರನ್ನು ಕೂಡಿಸಿ ‘ನವಜೀವನ ಸಮಿತಿ’ ಎಂದು ಮಾಡುತ್ತಾರೆ, ಅವರು ಆಗಾಗ ಸೇರುತ್ತಾರೆ. ನನ್ನನ್ನು ಕೇಳಿದರೆ ಎಂಟು ದಿನಕ್ಕಿಂತ ಆ ಸಮಿತಿಯೇ ದೊಡ್ಡದು. ನಿಮ್ಮೂರಿನ ಸ್ವಸಹಾಯ ಸಂಘದ ಹೆಂಗಸರನ್ನು ವಿಚಾರಿಸಿದರೆ ತಿಳಿಯುತ್ತದೆ.

ವಿಚಾರಿಸುವುದೇ ಕಷ್ಟ ಎನ್ನುವವರಿಗೆ ಎರಡು ನಂಬರು. 14446, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416, ಟೆಲಿ-ಮನಸ್, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ಕಾಸಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ವಿಭಾಗದಲ್ಲಿ ಹತ್ತಿರದ ಮೀಟಿಂಗಿನ ವಿಳಾಸವನ್ನು ಕೇಳಿ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ‘ಬಿಡಿಸುವ ಕೇಂದ್ರ’ ಎಂಬ ಬೋರ್ಡು ಕಂಡಲ್ಲೆಲ್ಲ ನುಗ್ಗಬೇಡಿ. ನಮ್ಮ ನೆಂಟರೊಬ್ಬರನ್ನು ಇಂಥ ಒಂದು ಕಡೆ ಮೂರು ತಿಂಗಳು ಬೀಗ ಹಾಕಿ ಇಟ್ಟಿದ್ದರು, ಮನೆಯವರ ಜೊತೆ ಫೋನಿನಲ್ಲೂ ಮಾತಾಡಿಸಲಿಲ್ಲ. ಹೊರಗೆ ಬಂದ ದಿನವೇ ಕುಡಿದರು. ಸೇರಿಸುವ ಮೊದಲು ನೋಂದಣಿ ಇದೆಯೇ, ಡಾಕ್ಟರು ದಿನಾ ಬರುತ್ತಾರೆಯೇ, ನಾವು ಯಾವಾಗ ಬೇಕಾದರೂ ನೋಡಬಹುದೇ ಎಂದು ಬಾಯಿಬಿಟ್ಟು ಕೇಳಿ.

ಇನ್ನು ‘ನಾನೂ ಜೊತೆಗೆ ಹೋಗಬಹುದೇ’ ಎಂದಿರಿ. ಬಾಗಿಲವರೆಗೆ ಹೋಗಿ. ತೆರೆದ ಮೀಟಿಂಗ್ ಇದ್ದರೆ ಒಳಗೂ ಹೋಗಿ. ಆದರೆ ನಿಮಗೇ ಎಂದು ಒಂದು ಮೀಟಿಂಗ್ ಬೇರೆ ಇದೆ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಜೊತೆಗಾತಿಯೊಬ್ಬರೊಡನೆ ಕಟ್ಟಿದ್ದು, ಅಲ್-ಅನಾನ್ ಎಂದು ಹೆಸರು, ಕುಡಿಯುವವರ ಮನೆಯವರಿಗಾಗಿ. ನಮ್ಮತ್ತಿಗೆ ಒಂದು ಗಂಟೆ ಬಸ್ಸಿನಲ್ಲಿ ಹೋಗುತ್ತಾಳೆ, ತಿಂಗಳಿಗೆ ಎರಡು ಸಲ. ಮೊದಮೊದಲು, “ಕುಡಿದಿದ್ದು ಅವರು, ಮೀಟಿಂಗು ನನಗ್ಯಾಕೆ?” ಎನ್ನುತ್ತಿದ್ದಳು. ಮೂರು ಸಲ ಹೋಗಿ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಅಟ್ಟದಲ್ಲಿ ಬಾಟಲಿ ಹುಡುಕುವುದನ್ನು ನಿಲ್ಲಿಸಿದ್ದು. ಎರಡನೆಯದು, ಇನ್ನು ಮೇಲೆ ಹೆಡ್‌ಮಾಸ್ಟರಿಗೆ ತಾನು ಫೋನ್ ಮಾಡುವುದಿಲ್ಲ ಎಂದು ಅಣ್ಣನಿಗೆ ಶಾಂತವಾಗಿ ಹೇಳಿದ್ದು. ಜಗಳವಿಲ್ಲದೆ ಹೇಳಿದ ಆ ಮಾತು ತನಗೆ ಬೈಗುಳಕ್ಕಿಂತ ಚುರುಕಾಗಿ ತಾಗಿತು ಎಂದು ಅಣ್ಣ ಹೇಳಿದ್ದಾನೆ.

ಈ ಪತ್ರಿಕೆಯನ್ನು ಅಪ್ಪ ಅಮ್ಮನಿಗಿಂತ ಮೊದಲು ಕಿತ್ತುಕೊಂಡು ಓದುವ ಮಕ್ಕಳಿದ್ದೀರಿ. ನಿಮ್ಮಲ್ಲಿ ಕೆಲವರಿಗಾದರೂ ಗೇಟಿನ ಚಿಲಕದ ಸದ್ದು ಗೊತ್ತಿರಬಹುದು. ನೀವು ಕಡಿಮೆ ಮಾರ್ಕ್ಸ್ ತೆಗೆದದ್ದರಿಂದಲೋ, ಶೂ ಕೇಳಿ ಹಟ ಮಾಡಿದ್ದರಿಂದಲೋ ಅಪ್ಪ ಕುಡಿಯುವುದಲ್ಲ. ನೀವು ಒಳ್ಳೆಯ ಮಗು ಆಗಿಬಿಟ್ಟರೆ ಅದು ನಿಲ್ಲುವುದೂ ಇಲ್ಲ. ಅದು ಕಾಯಿಲೆ, ವಾಸಿ ಮಾಡುವುದು ದೊಡ್ಡವರ ಕೆಲಸ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಹೆದರಿಕೆಯಾದರೆ, 1098ಕ್ಕೆ ಫೋನ್ ಮಾಡಿ, ಅಥವಾ ನಿಮಗೆ ಇಷ್ಟವಾದ ಟೀಚರಿಗೆ ಹೇಳಿ. ಹೇಳಿದರೆ ಅಪ್ಪನಿಗೆ ದ್ರೋಹ ಮಾಡಿದ ಹಾಗಲ್ಲ. ನನ್ನ ಅಣ್ಣನ ಮಗ ಇದನ್ನು ಯಾರಿಗೂ ಹೇಳದೆ ನಾಲ್ಕು ವರ್ಷ ಇಟ್ಟುಕೊಂಡಿದ್ದ.

ಅಣ್ಣ ಒಗ್ಗರಣೆ ಬೇಡ ಎಂದದ್ದು ಈ ಭಾಗಕ್ಕೆ ಇರಬೇಕು. ಮೀಟಿಂಗಿಗೆ ಹೋಗಿ ಏಳು ತಿಂಗಳು ಚೆನ್ನಾಗಿಯೇ ಇದ್ದ. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆ, ಮಾರನೆಯ ವಾರ ಬೀಗರೂಟ. ಬೀಗರೂಟದಲ್ಲಿ ಏನಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ‘ಒಂದು ಪೆಗ್ಗಿಗೆ ಏನಾಗುತ್ತೆ ಮೇಷ್ಟ್ರೇ, ಬೀಗರಿಗೆ ಮರ್ಯಾದೆ ಕೊಡಲ್ವಾ’ ಎಂದರು. ಅವತ್ತು ಬೆಳಗಿನಿಂದ ಊಟ ಮಾಡಿರಲಿಲ್ಲ, ಓಡಾಡಿ ದಣಿದಿದ್ದ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದೂ ಮೈಮೇಲೆ ಬರದ ಹಾಗೆ ನೋಡಿಕೋ ಎಂದು ಗುಂಪಿನ ಹಿರಿಯರು ಹೇಳಿಯೇ ಇದ್ದರಂತೆ. ಒಂದು ಪೆಗ್ಗು ಮೂರು ವಾರ ನಡೆಯಿತು. ಗುರುವಾರಗಳು ತಪ್ಪಿದವು.

ಮೂರನೆಯ ಭಾನುವಾರ ಟೀ ಕೊಟ್ಟಿದ್ದ ಆ ಮನುಷ್ಯ ಮನೆಗೆ ಬಂದರು. ಜಗಲಿಯ ಮೇಲೆ ಕೂತು ಮಳೆ ಬಗ್ಗೆ, ಆಲೂಗಡ್ಡೆ ಬಿತ್ತನೆ ಬಗ್ಗೆ ಒಂದು ಗಂಟೆ ಮಾತಾಡಿದರು. ಕುಡಿತದ ಮಾತೇ ಎತ್ತಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಂದು ಮೂರು ಸಲ ಜಾರಿದೆ, ಮೇಷ್ಟ್ರೇ. ಕುರ್ಚಿ ಇದೆ” ಎಂದು ಹೊರಟರು. ಮರುದಿನ ಅಣ್ಣ ಡಾಕ್ಟರ ಹತ್ತಿರ ಹೋದ, ಆ ಗುರುವಾರ ಮೀಟಿಂಗಿಗೆ ಹೋದ, ಎದ್ದು ನಿಂತು ‘ಇವತ್ತಿಗೆ ನಾಲ್ಕನೇ ದಿನ’ ಎಂದ.

ಬರುವ ಜೂನ್‌ಗೆ ಎರಡು ವರ್ಷ ಆಗುತ್ತದೆ. ಆಗುತ್ತದೆ ಎಂದು ಬರೆಯಬೇಡ, ಇವತ್ತಿನವರೆಗೆ ಎಂದು ಬರಿ ಅಂದಿದ್ದಾನೆ. ಇವತ್ತಿನವರೆಗೆ.

ಪತ್ರ ಬರೆದ ತಾಯಿಗೆ: ನಿಮ್ಮ ಊರಿಗೆ ಹತ್ತಿರದ ಗುಂಪು ಯಾವುದೆಂದು ಅಣ್ಣ ವಿಚಾರಿಸಿಕೊಟ್ಟಿದ್ದಾನೆ. ವಿಳಾಸವನ್ನೂ ನಂಬರನ್ನೂ ಬರೆದು ನೀವು ಕೊಟ್ಟ ನಿಮ್ಮ ತಂಗಿಯ ಮನೆಯ ವಿಳಾಸಕ್ಕೆ ಲಕೋಟೆ ಹಾಕಿದ್ದೇನೆ. ನೀವು ಫೋನ್ ಮಾಡಬೇಡಿ, ಯಜಮಾನರೇ ಮಾಡಲಿ. ಚೀಟಿ ಫ್ರಿಜ್ಜಿನ ಮೇಲೆ ನಾಲ್ಕು ದಿನ ಬಿದ್ದಿದ್ದರೂ ಬಿದ್ದಿರಲಿ. ಶನಿವಾರ ಸಂಜೆ ಆರಕ್ಕೆ ಶುರುವಾಗಿ ಏಳೂವರೆಗೆ ಮುಗಿಯುತ್ತದಂತೆ. ನಿಮ್ಮ ಊರಿಗೆ ಕೊನೆಯ ಬಸ್ಸು ಎಂಟೂಕಾಲಿಗೆ ಎಂದು ಬರೆದಿದ್ದೀರಿ. ಟೀ ಕುಡಿದು ಬರುವಷ್ಟು ಹೊತ್ತು ಇರುತ್ತದೆ.